ಒಟ್ಟಿನ ಒಲೆ

ಬೆಳ್ಳುಳ್ಳಿ ಒಗ್ಗರಣೆಗೆ ಗೋಡೆ ಅಡ್ಡ ಬರುವುದಿಲ್ಲ. ಕಾಂಪೌಂಡಿನ ಮೇಲೆ ಗಾಜಿನ ಚೂರು ನೆಟ್ಟರೂ, ಕಿಟಕಿಗೆ ಸೊಳ್ಳೆ ಪರದೆ ಬಿಗಿದರೂ, ಪಕ್ಕದ ಮನೆಯವರೊಡನೆ ಮಾತು ಬಿಟ್ಟು ಎಷ್ಟು ಕಾಲವಾಗಿದ್ದರೂ, ಕಾದ ಎಣ್ಣೆಗೆ ಬಿದ್ದ ನಾಲ್ಕು ಎಸಳು ಬೆಳ್ಳುಳ್ಳಿ ತನ್ನ ಪಾಡಿಗೆ ತಾನು ಗಡಿ ದಾಟಿ ಬಂದು ಮೂಗಿನ ಮುಂದೆ ನಿಲ್ಲುತ್ತದೆ. ಸಾಧಾರಣ ದಿನಗಳಲ್ಲಿ ಇದಕ್ಕೆ ಪರಿಮಳವೆಂದು ಹೆಸರು. ಆದರೆ ಇಡೀ ಬೀದಿಯಲ್ಲಿ ಕರೆಂಟಿಲ್ಲದೆ, ಗ್ಯಾಸಿಲ್ಲದೆ, ಜನ ಅವಲಕ್ಕಿ ನೆನೆಸಿಕೊಂಡು ತಿನ್ನುತ್ತಿರುವಾಗ ಪಕ್ಕದ ಮನೆಯಿಂದ ಬರುವ ಒಗ್ಗರಣೆಯ ವಾಸನೆಯನ್ನು ಸಾಕ್ಷ್ಯವೆಂದೇ ಕರೆಯಬೇಕಾಗುತ್ತದೆ. ನಾನಂತೂ ಹಾಗೇ ಕರೆದೆ.

ನೀವು ನಗುವ ಮೊದಲು ನನ್ನ ಕಸುಬನ್ನು ತಿಳಿದಿರುವುದು ಒಳ್ಳೆಯದು. ದಾವಣಗೆರೆಯ ಕಡೆಯಿಂದ ಕೆಜಿಎಫ್‌ನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆಂದು ಬಂದು, ಬೂದಿಕೋಟೆ ಪಕ್ಕದ ಹಳ್ಳಿಯ ಹುಡುಗಿಯನ್ನು ಮದುವೆಯಾಗಿ, ರಾಬರ್ಟ್‌ಸನ್‌ಪೇಟೆಯ ಹಿಂಬದಿಯ ಬೀದಿಯೊಂದರಲ್ಲಿ ಬೇರುಬಿಟ್ಟ ನಾನು ಅಂದಿನಿಂದ ಇಂದಿನವರೆಗೆ ತಪಾಸಣೆ ವಿಭಾಗದಲ್ಲೇ ಇದ್ದೇನೆ. ಎದುರಿಗಿಟ್ಟ ಬೋಲ್ಟು ಸರಿಯಾಗಿದೆ ಎಂದು ನಂಬುವುದಕ್ಕಲ್ಲ, ಎಲ್ಲೋ ಐಬಿದೆ ಎಂದು ಶಂಕಿಸುವುದಕ್ಕೆ ನನಗೆ ಸಂಬಳ. ಹಿಂದಿನ ತಾರ್ಕಿಕರು ಅನುಮಾನವನ್ನು ಜ್ಞಾನದ ಒಂದು ದಾರಿಯೆಂದು ಗೌರವಿಸಿದ್ದರು. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವುದು ಅವರ ಅನುಮಾನ. ಆ ಪದ ಸಂಸ್ಕೃತದಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ಯಾರ ಸಹವಾಸ ಮಾಡಿತೋ ಕಾಣೆ, ಇಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ಕಿಟಕಿಯ ಸಂದಿಯಲ್ಲಿ ಇಣುಕುವ ಚಾಳಿ ಹತ್ತಿಸಿಕೊಂಡಿತ್ತು. ನನ್ನೊಳಗೆ ಈ ಎರಡೂ ಅನುಮಾನಗಳು ಅಣ್ಣತಮ್ಮಂದಿರಂತೆ ಬಾಳುತ್ತಿವೆ. ಆದರೆ ನಮ್ಮೂರಿನಲ್ಲಿ ಬೆಟ್ಟವೆಂದರೆ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬ; ಅದರ ಮೇಲೆ ಏಳುವುದು ಧೂಳೇ ಹೊರತು ಹೊಗೆಯಲ್ಲ. ಪಕ್ಕದ ಮನೆಯಲ್ಲಂತೂ ಅಡುಗೆಯ ವಾಸನೆಯಿತ್ತು, ಹೊಗೆಯೇ ಇರಲಿಲ್ಲ. ತಾರ್ಕಿಕರು ಇಂಥ ಪ್ರಸಂಗಕ್ಕೆ ಏನು ಹೇಳುತ್ತಾರೋ, ನಾನು ಮಾತ್ರ ಇದರಲ್ಲೇನೋ ಮೋಸವಿದೆ ಎಂದುಕೊಂಡೆ.

ಆದದ್ದು ಇಷ್ಟು. ಗಾಳಿಮಳೆಯೊಂದರ ಸಂಜೆ ಬೀದಿಯ ತುದಿಯ ಟ್ರಾನ್ಸ್‌ಫಾರ್ಮರ್ ದೊಡ್ಡದೊಂದು ಸದ್ದು ಮಾಡಿ ಸುಮ್ಮನಾಯಿತು. ಹೊಸದು ಬರಬೇಕು, ಅದು ಯಾವಾಗ ಬರುತ್ತದೆಂದು ಕೇಳಬಾರದು ಎಂಬಂಥ ಉತ್ತರ ಕರೆಂಟಿನ ಕಚೇರಿಯಿಂದ ಬಂತು. ಗ್ಯಾಸ್ ಅದಕ್ಕೂ ಮೊದಲೇ ನಿಂತಿತ್ತು. ಯಾವುದೋ ಸಮುದ್ರದಲ್ಲಿ ಹಡಗು ನಿಂತಿದೆ ಎಂದು ಒಬ್ಬರೆಂದರೆ, ಲಾರಿಯೇ ಬರುತ್ತಿಲ್ಲ ಎಂದು ಇನ್ನೊಬ್ಬರು, ಬಂದದ್ದೆಲ್ಲ ಹಿಂದಿನ ಬಾಗಿಲಿನಿಂದ ಹೋಟೆಲುಗಳಿಗೆ ಹೋಗುತ್ತಿದೆ ಎಂದು ಮಗುದೊಬ್ಬರು. ಏಜೆನ್ಸಿಯ ಮುಂದೆ ಖಾಲಿ ಸಿಲಿಂಡರುಗಳು ಬಿಸಿಲಲ್ಲಿ ಸಾಲುಗಟ್ಟಿ ನಿಂತಿದ್ದವು; ಅವುಗಳ ಒಡೆಯರು ಎದುರಿನ ಅಂಗಡಿಗಳ ನೆರಳಲ್ಲಿ ಕೂತು, ಯಾರು ಯಾರ ಸಿಲಿಂಡರನ್ನು ಮುಂದಕ್ಕೆ ತಳ್ಳುತ್ತಾರೆಂದು ಪರಸ್ಪರ ಕಾವಲು ಕಾಯುತ್ತಿದ್ದರು. ಊರಿಗೆ ಊರೇ ತಪಾಸಣೆ ವಿಭಾಗವಾಗಿತ್ತು.

ನಮ್ಮ ಮನೆಯ ಸ್ಥಿತಿ ಉಳಿದವರಿಗಿಂತ ಒಂದು ಕೈ ಮೇಲೆಯೇ ಕೆಟ್ಟಿತ್ತು, ಅದಕ್ಕೆ ನನ್ನ ಮುಂದಾಲೋಚನೆಯೇ ಕಾರಣ. ಹಿಂದಿನ ವರ್ಷವಷ್ಟೇ ನಾನು ಇಂಡಕ್ಷನ್ ಒಲೆ ತಂದು, ಬೆಂಕಿಯಿಲ್ಲದ ಅಡುಗೆಯ ಮಹಿಮೆಯನ್ನು ಮನೆಮಂದಿಗೆ ಮನದಟ್ಟು ಮಾಡಿಸಿ, ಎರಡನೆಯ ಸಿಲಿಂಡರನ್ನು ನನ್ನ ಕೈಯಾರೆ ಹಿಂದಿರುಗಿಸಿದ್ದೆ. ಈಗ ಇಂಡಕ್ಷನ್ ಒಲೆ ಕಪ್ಪು ಕನ್ನಡಿಯಂತೆ ಅಡುಗೆಮನೆಯಲ್ಲಿ ಮಲಗಿತ್ತು. ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು, ನೋಡಿಕೊಳ್ಳುವ ಮನಸ್ಸಿರಲಿಲ್ಲ. ಯುಪಿಎಸ್ ಮೊದಲ ಸಂಜೆಯೇ ಕುಂಯ್‌ಗುಟ್ಟಿ ಪ್ರಾಣಬಿಟ್ಟಿತು. ಪಂಪು ನಿಂತದ್ದರಿಂದ ನೆಲದಡಿಯ ಸಂಪಿನೊಳಗೆ ಹಗ್ಗ, ಬಕೆಟ್ಟು ಇಳಿಸಿ ನೀರು ಸೇದುವ ಕೆಲಸ ನನ್ನ ಪಾಲಿಗೆ ಬಂತು. ಫ್ರಿಜ್ಜಿನ ಹಿಟ್ಟು ಹುಳಿಯಾಗಿ ಪಾತ್ರೆಯ ಮುಚ್ಚಳವನ್ನು ತಾನೇ ಎತ್ತಿಕೊಂಡು ಹೊರಗೆ ನೋಡತೊಡಗಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಗಳು ರಶ್ಮಿ ಬಾಣಂತನಕ್ಕೆ ಬಂದಿದ್ದಳು. ಮನೆಯಲ್ಲಿ ಎಳೆಗೂಸಿದ್ದರೆ ಬಿಸಿನೀರು ಎಷ್ಟು ಬೇಕೆಂಬುದು ಅನುಭವಿಸಿದವರಿಗೇ ಗೊತ್ತು. ಮಗುವಿಗೆ ನೀರು, ತಾಯಿಗೆ ನೀರು, ಬಟ್ಟೆಗೆ ನೀರು, ಇದೆಲ್ಲದರ ನಡುವೆ ಬಾಣಂತಿಗೆ ಬಿಸಿಬಿಸಿ ಅನ್ನ, ಬೆಳ್ಳುಳ್ಳಿ ಹಾಕಿದ ಸಾರು.

ಉಳಿದಿದ್ದ ಒಂದು ಸಿಲಿಂಡರಿನ ಮೇಲೆ ನಾನು ಇಂಧನ ಮಿತವ್ಯಯದ ಉಪನ್ಯಾಸಮಾಲೆಯನ್ನೇ ಆರಂಭಿಸಿದೆ. ಬೇಳೆಯನ್ನು ಮುಂಚೆಯೇ ನೆನೆಹಾಕಬೇಕು, ಪಾತ್ರೆಗೆ ಮುಚ್ಚಳ ಹಾಕದೆ ನೀರು ಕಾಯಿಸಬಾರದು, ಅನ್ನ ಮುಕ್ಕಾಲು ಬೆಂದ ಕೂಡಲೇ ಒಲೆ ಆರಿಸಿ ಹಬೆಯಲ್ಲೇ ಬಿಡಬೇಕು. ನನ್ನ ಹೆಂಡತಿ ರತ್ನ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿದಳು. ಮದುವೆಯಾದಾಗಿನಿಂದ ಅವಳು ನನ್ನ ಉಪನ್ಯಾಸಕ್ಕೆ ಹೀಗೆ ತಲೆಯಾಡಿಸಿದ್ದು ಅದೇ ಮೊದಲು. ತಪಾಸಕನಾದವನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ನಾನು ಎಚ್ಚೆತ್ತುಕೊಳ್ಳಲಿಲ್ಲ. ಬೆಳಗ್ಗೆ ಮಗುವಿಗೆ ಎರೆಯುವ ನೀರು ಸಿದ್ಧವಾಗಿರುತ್ತಿತ್ತು. ಸ್ನಾನವಾದ ಮೇಲೆ ತಲೆಗೆ ಹಿಡಿಯಲು ಸಾಂಬ್ರಾಣಿ ಹೊಗೆ ಏಳುತ್ತಿತ್ತು. ರಾತ್ರಿಯೂಟಕ್ಕೆ ತಟ್ಟೆಯಲ್ಲಿ ಬಿಸಿ ಮುದ್ದೆ, ಮೇಲೆ ಸಾರು. ಕಾರ್ಖಾನೆಯಲ್ಲಿ ಸಹೋದ್ಯೋಗಿಗಳು ಬನ್ನು ಬಾಳೆಹಣ್ಣಿನ ಕಷ್ಟ ಹೇಳಿಕೊಳ್ಳುವಾಗ, ನಮ್ಮ ಮನೆಯಲ್ಲಿ ಒಂದೇ ಸಿಲಿಂಡರು ಹೇಗೆ ತಾಳುತ್ತಿದೆ ನೋಡಿ, ಎಲ್ಲ ಶಿಸ್ತಿನ ಫಲ ಎಂದು ನಾನು ಉದಾರವಾಗಿ ಸಲಹೆಗಳನ್ನು ಹಂಚುತ್ತಿದ್ದೆ.

ಇನ್ನು ಪಕ್ಕದ ಮನೆಗೆ ಬರೋಣ. ಅಲ್ಲಿರುವುದು ಅರುಳ್‌ದಾಸ್ ಮತ್ತು ಅವನ ಹೆಂಡತಿ ಸ್ಟೆಲ್ಲಾ. ಅರುಳನ ತಂದೆ ಉರಿಗಾಂ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಮಗ ಗೂಡ್ಸ್ ಆಟೋ ಕೊಂಡು, ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ ಸಾಮಾನು ಸಾಗಿಸಿ ಜೀವನ ಮಾಡುತ್ತಾನೆ. ಮನೆಮಾತು ತಮಿಳು, ಬೀದಿಯಲ್ಲಿ ಕನ್ನಡ, ಗಿರಾಕಿಯ ಮುಖ ನೋಡಿ ತೆಲುಗು. ಅವನಿಗೂ ನನಗೂ ಮಾತು ನಿಂತದ್ದು ಆ ಆಟೋದಿಂದಲೇ. ಅದರ ಮೂತಿ ನಮ್ಮ ಗೇಟಿನ ಮುಂದಕ್ಕೆ ಒಂದು ಮೊಳ ಚಾಚುತ್ತದೆ ಎಂದು ನಾನೆಂದೆ, ಇಲ್ಲವೆಂದು ಅವನೆಂದ, ನಾನು ಕಾರ್ಖಾನೆಯ ಟೇಪು ತಂದು ಅಳೆದೆ. ಅಳೆದದ್ದೇ ತಪ್ಪಾಯಿತು. ಅಂದಿನಿಂದ ನಾವು ಎದುರಾದಾಗ ಕೆಮ್ಮುತ್ತೇವೆ. ಹೆಂಗಸರೂ ಮಾತು ಬಿಟ್ಟಿದ್ದಾರೆ ಎಂದೇ ನನ್ನ ತಿಳಿವಳಿಕೆ, ಏಕೆಂದರೆ ಬಿಡಬೇಕೆಂದು ನಾನು ಹೇಳಿದ್ದೆ.

ಈಗ ಸಾಕ್ಷ್ಯಗಳನ್ನು ಕೇಳಿ. ಮೊದಲನೆಯದು, ಆಗಲೇ ಹೇಳಿದ ಒಗ್ಗರಣೆ. ಅದು ದಿನವೂ ನಾನು ಕಾರ್ಖಾನೆಯಿಂದ ಬಂದು ಕೈಕಾಲು ತೊಳೆಯುವ ಹೊತ್ತಿಗೆ ಸರಿಯಾಗಿ ಚಟಗುಟ್ಟುತ್ತಿತ್ತು. ಇನ್ನೊಂದು ಬೆಳಕು. ಇಡೀ ಬೀದಿ ಮೇಣದಬತ್ತಿಯ ಮಂಕಿನಲ್ಲಿದ್ದಾಗ ಅರುಳನ ಹಿತ್ತಲಿನ ಶೀಟಿನ ಕೆಳಗೆ ಬೆಳ್ಳನೆಯ ವಿದ್ಯುದ್ದೀಪ ಉರಿಯುತ್ತಿತ್ತು. ಇವೆಲ್ಲಕ್ಕಿಂತ ಮುಖ್ಯವಾಗಿ, ಅವನ ಆಟೋದಲ್ಲಿ ಟಾರ್ಪಾಲು ಹೊದಿಸಿದ ಮೂಟೆಗಳು ಬರತೊಡಗಿದವು. ಆರಂಭದಲ್ಲಿ ಗೋಣಿತಾಟು ಸುತ್ತಿದ ದುಂಡನೆಯ ವಸ್ತುವೊಂದು ಇಳಿದದ್ದನ್ನು ನಾನು ಮಹಡಿಯ ಮೆಟ್ಟಿಲಿನಿಂದ ಕಣ್ಣಾರೆ ಕಂಡಿದ್ದೆ. ಗಾತ್ರದಲ್ಲಿ ಸಿಲಿಂಡರಿನಷ್ಟೇ. ಆಮೇಲೆ ಬಂದ ಮೂಟೆಗಳನ್ನು ಅವನು ಒಂದೇ ಕೈಯಲ್ಲಿ ಎತ್ತಿ ಒಳಗೊಯ್ಯುತ್ತಿದ್ದ. ಅಷ್ಟು ದೊಡ್ಡ ಮೂಟೆ ಅಷ್ಟು ಹಗುರವಾಗಿರುವುದು ಇನ್ನೂ ಶಂಕಾಸ್ಪದವಾಗಿ ಕಂಡಿತು. ದಿನ ಹೋದಂತೆ ಮೂಟೆಗಳು ಹೆಚ್ಚಾದವು. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಇಷ್ಟೇಕೆ? ಅರುಳ್ ಎಲ್ಲಿಂದಲೋ ಸಿಲಿಂಡರು ತಂದು ದಾಸ್ತಾನು ಮಾಡಿದ್ದಾನೆ, ಹಿಂದಿನ ಬೀದಿಯ ವಿದ್ಯುತ್ ಹರಿಯುವ ತಂತಿಗೆ ಕೊಕ್ಕೆ ಹಾಕಿ ಕರೆಂಟೂ ಎಳೆದಿದ್ದಾನೆ ಎಂದು ನನ್ನ ತನಿಖೆ ತೀರ್ಮಾನಕ್ಕೆ ಬಂತು.

ಈ ತೀರ್ಮಾನವನ್ನು ರತ್ನಳಿಗೆ ಹೇಳಿದಾಗ ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು.

"ಅವ್ರ ಮನೆ ಉಸಾಬರಿ ನಮಗ್ಯಾಕ್ರೀ?" ಎಂದಳು. "ಊಟಕ್ಕೆ ಬನ್ನಿ, ಆರೋಯ್ತದೆ."

ರಶ್ಮಿ ತಾಯಿಯ ಮುಖ ನೋಡಿ ಮಗುವಿನ ಕಡೆ ಬಾಗಿದಳು. ನಾನು ಊಟಕ್ಕೆ ಕೂತೆ. ಸಾರು ಚೆನ್ನಾಗಿತ್ತು, ಬೆಳ್ಳುಳ್ಳಿ ಹದವಾಗಿ ಕೆಂಪಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಇದು ನನ್ನ ತಲೆಯೊಳಗಿನ ಕಥೆಯಾಗಿ ಉಳಿಯುತ್ತಿತ್ತು. ಆದರೆ ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯ ಚಹಾದಂಗಡಿಯಲ್ಲಿ ಲೈನ್‌ಮ್ಯಾನ್ ರೆಡ್ಡೆಪ್ಪ ಸಿಕ್ಕ. ಹೊಸ ಟ್ರಾನ್ಸ್‌ಫಾರ್ಮರ್ ಬಂದಿದೆ, ಮಾರನೆಯ ದಿನ ಕಂಬ ಹತ್ತುತ್ತೇನೆ ಎಂದ. ಆ ಸುದ್ದಿಗೆ ಖುಷಿಪಟ್ಟು ಎದ್ದು ಬರಬೇಕಾದವನು ನಾನು, ಗ್ಲಾಸು ಕೆಳಗಿಟ್ಟು, ನಮ್ಮ ಬೀದಿಯ ಮನೆಯೊಂದರಲ್ಲಿ ಕತ್ತಲಾದರೆ ಲೈಟು ಉರಿಯುತ್ತದೆ, ಎಲ್ಲಿಂದ ಎಂದು ನೀನೇ ಯೋಚಿಸು ಎಂದುಬಿಟ್ಟೆ. ನಾಗರಿಕ ಪ್ರಜ್ಞೆ ಎಂಬುದು ಇಂಥ ಹೊತ್ತಿನಲ್ಲಿ ಎಷ್ಟು ಸಲೀಸಾಗಿ ನಾಲಗೆಗೆ ಬರುತ್ತದೆ ನೋಡಿ.

ರೆಡ್ಡೆಪ್ಪನ ಮುಖದಲ್ಲಿದ್ದ ನಗೆ ಹೋಯಿತು. "ನಿಜಾನಾ ಸಾ? ಅಂಗೇನಾರ ಕಳ್ಳ ಲೈನ್ ಇದ್ರೆ ನಾನು ಕಂಬದ ಮೇಲೆ ಇರೋವಾಗ ಕರೆಂಟು ಇಂದ್ಗಡೆಯಿಂದ ತಿರುಗಿ ಬತ್ತದೆ. ನಮ್ಮೋನೊಬ್ಬ ಅಂಗೇ ಸತ್ತೋದ. ನಂಗೆ ಇಬ್ರು ಎಣ್ಮಕ್ಳವ್ರೆ."

ಅಲ್ಲಿಯವರೆಗೆ ಒಗ್ಗರಣೆಯ ವಿಷಯವಾಗಿದ್ದದ್ದು ಒಮ್ಮೆಗೇ ಪ್ರಾಣದ ವಿಷಯವಾಯಿತು. ನನಗೆ ಸ್ವಲ್ಪ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಅನುಮಾನಕ್ಕೆ ಇಂಥದೊಂದು ಘನವಾದ ಕಾರಣ ಸಿಕ್ಕಿತಲ್ಲ ಎಂದು ಸಮಾಧಾನವೂ ಆಯಿತು. ಮನೆಯ ಗುರುತು ಹೇಳಿದೆ. ಕಂಬ ಹತ್ತುವ ಮೊದಲು ಬಂದು ನೋಡುತ್ತೇನೆ ಎಂದವನು ಒಂದು ಮಾತು ಸೇರಿಸಿದ: "ನೀವೂ ಜತೆಗೆ ಬರ್ಬೇಕು ಸಾ. ಒಬ್ನೇ ಓದ್ರೆ ಗಲಾಟೆ ಆಗ್ತದೆ."

ಮಾರನೆಯ ದಿನ ನನಗೆ ವಾರದ ರಜೆ. ಇಳಿಹೊತ್ತಿಗೆ ರೆಡ್ಡೆಪ್ಪ ಬಂದ. ರತ್ನ ಮನೆಯಲ್ಲಿರಲಿಲ್ಲ, ದಿನವೂ ಈ ಹೊತ್ತಿಗೆ ಹೋಗುವಂತೆ ಅಂಗಡಿಗೆ ಹೋಗಿದ್ದಾಳೆ ಎಂದಳು ರಶ್ಮಿ, ನನ್ನನ್ನು ನೋಡದೆ. ಹೊರಡುವ ಮುನ್ನ ನಾನು ಇಸ್ತ್ರಿಯ ಅಂಗಿ ಹಾಕಿಕೊಂಡೆ. ಅದೇಕೆಂದು ಈಗ ಹೇಳಲಾರೆ. ಸಾಕ್ಷಿಗೆ ನಿಲ್ಲುವವನು ನೆಟ್ಟಗಿರಬೇಕು ಎಂದೇನೋ ಅನಿಸಿರಬೇಕು. ಇಬ್ಬರೂ ಅರುಳನ ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿನತ್ತ ನಡೆದೆವು. ಎದುರುಮನೆಯ ಜಗಲಿಯಲ್ಲಿ ಇಬ್ಬರು ಮೂವರು ಎದ್ದು ನಿಂತು ನೋಡಿದರು. ಒಗ್ಗರಣೆಯ ವಾಸನೆ ನಮ್ಮನ್ನು ಅರ್ಧ ದಾರಿಯಲ್ಲೇ ಎದುರುಗೊಂಡಿತು.

ರೆಡ್ಡೆಪ್ಪ ತಗಡಿನ ಬಾಗಿಲು ತಳ್ಳಿದ. ಶೀಟಿನ ಮಾಡಿನ ಕೆಳಗೆ ಬಕೆಟ್ಟಿಗಿಂತ ದೊಡ್ಡದಾದ ದುಂಡನೆಯ ತಗಡಿನ ಡಬ್ಬವೊಂದಿತ್ತು. ಅದರ ಬುಡದಲ್ಲೊಂದು ತೂತು, ನೆತ್ತಿಯ ನಡುವೆ ಇನ್ನೊಂದು ತೂತು, ಆ ತೂತಿನೊಳಗಿಂದ ಹೊಗೆಯ ಸುಳಿವಿಲ್ಲದೆ ಶಾಂತವಾಗಿ ಉರಿಯುವ ಕೆಂಪು ಬೆಂಕಿ. ಬೆಂಕಿಯ ಮೇಲೆ ಒಂದು ಡಬರಿ. ಅದರ ಕಂಠದ ನೆಗ್ಗು ನನಗೆ ಚೆನ್ನಾಗಿ ಗೊತ್ತಿತ್ತು, ಸಂಪಿನ ಬಳಿ ಅದನ್ನು ಬೀಳಿಸಿದವನು ನಾನೇ. ಡಬರಿಯ ಮುಂದೆ ಮಣೆ ಹಾಕಿ ಕೂತು, ಒಗ್ಗರಣೆ ಸೌಟನ್ನು ಸಾರಿನೊಳಗೆ ಅದ್ದುತ್ತಿದ್ದವಳು ರತ್ನ. ಪಕ್ಕದಲ್ಲಿ ಸ್ಟೆಲ್ಲಾ ಸೊಪ್ಪು ಸೋಸುತ್ತಿದ್ದಳು.

"ಏನ್ರೀ, ನೀವ್ಯಾಕೆ ಇಲ್ಲಿ?" ಎಂದಳು ರತ್ನ.

ನಾನೂ ಅದನ್ನೇ ಕೇಳಬೇಕೆಂದಿದ್ದೆ. ಅವಳು ಮೊದಲು ಕೇಳಿಬಿಟ್ಟಳು.

ರೆಡ್ಡೆಪ್ಪ ನನ್ನ ಮುಖ ನೋಡಿದ, ರತ್ನಳ ಮುಖ ನೋಡಿದ, ಆಮೇಲೆ ತನ್ನ ಕೆಲಸ ನೋಡಿದ. ಮಾಡಿಗೆ ಕಟ್ಟಿದ್ದ ದೀಪದ ವೈರನ್ನು ಹಿಡಿದು ಹಿಂಬಾಲಿಸಿದ. ಅದು ಗೋಡೆಯಗುಂಟ ಇಳಿದು ಮೂಲೆಯಲ್ಲಿದ್ದ ಆಟೋದ ಹಳೆಯ ಬ್ಯಾಟರಿಯಲ್ಲಿ ಕೊನೆಗೊಂಡಿತು. ಟೆಸ್ಟರು ಇಟ್ಟು ನೋಡಿ ಜೇಬಿಗೆ ಹಾಕಿಕೊಂಡ.

"ಏನಣ್ಣಾ, ಏನಾಯ್ತು?" ಎಂದು ಸ್ಟೆಲ್ಲಾ ಎದ್ದು ನಿಂತಳು.

"ಏನಿಲ್ಲಮ್ಮ. ಕಳ್ಳ ಲೈನ್ ಅದೆ ಅಂತ ಯಾರೋ ಯೇಳಿದ್ರು. ಕಂಬ ಅತ್ತೋನು ನಾನು, ನೋಡ್ಬೇಕಲ್ಲ." ಯಾರೋ ಎನ್ನುವಾಗ ಅವನು ಒಲೆಯನ್ನು ನೋಡುತ್ತಿದ್ದ.

ಸ್ಟೆಲ್ಲಾ ಸೊಪ್ಪಿನ ಮೊರವನ್ನು ಎದೆಗೆ ಹಿಡಿದುಕೊಂಡಳು. ಬಾಗಿಲಿನಾಚೆ ಬೀದಿಯವರ ತಲೆಗಳು ಕಾಣುತ್ತಿದ್ದವು. "ನಾವು ಕಳ್ಳರಾ ಅಣ್ಣಾ?" ಎಂದು ಮೆಲ್ಲಗೆ ಕೇಳಿದಳು. ಅವಳು ಜೋರಾಗಿ ಜಗಳವಾಡಿದ್ದರೆ ನನಗೆ ನಿಲ್ಲಲು ಅನುಕೂಲವಾಗುತ್ತಿತ್ತು. ರೆಡ್ಡೆಪ್ಪ ಇಲ್ಲಮ್ಮ, ಇಲ್ಲಮ್ಮ ಎಂದು ಎರಡು ಸಲ ಹೇಳಿದ. ರತ್ನ ಸೌಟನ್ನು ಡಬರಿಯ ಮೇಲೆ ಅಡ್ಡಲಾಗಿಟ್ಟು, ನನ್ನ ಇಸ್ತ್ರಿಯ ಅಂಗಿಯನ್ನು ಕಾಲರಿನಿಂದ ಗುಂಡಿಯವರೆಗೆ ನಿಧಾನವಾಗಿ ನೋಡಿದಳು.

ಅಷ್ಟರಲ್ಲಿ ಆಟೋದ ಸದ್ದಾಯಿತು. ಜನರನ್ನು ಸರಿಸಿಕೊಂಡು ಒಳಬಂದ ಅರುಳ್, ಮೂಟೆಯನ್ನು ಇಳಿಸಿದವನೇ ನೇರವಾಗಿ ನನ್ನ ಬಳಿಗೆ ಬಂದ. ಹೊಡೆಯುತ್ತಾನೇನೋ ಎಂದುಕೊಂಡೆ.

"ಸಾರ್, ಅಕ್ಕನ್ನ ಬೈಬೇಡಿ," ಎಂದ. ಅಷ್ಟು ಕಾಲದ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು. "ನಾವೇ ಕರೆದ್ವಿ. ಬೆಳಿಗ್ಗೆ ಪಾಪು ಅಳೋದು ಗೋಡೆಯಿಂದ ಕೇಳಿಸ್ತಿತ್ತು, ಗ್ಯಾಸ್ ಮುಗಿದೋಯ್ತಂತೆ. ತಣ್ಣೀರಲ್ಲಿ ಹೆಂಗೆ ಸ್ನಾನ ಮಾಡ್ಸೋದು? ನಿಮಗೆ ಗೊತ್ತಾದ್ರೆ ಬೇಡ ಅಂತೀರ, ಅದಕ್ಕೆ ನಾನೇ ಹೇಳ್ಬೇಡಿ ಅಂದಿದ್ದು. ಪಾಪೂಗೆ ನೀರು ಜಾಸ್ತಿ ಬೇಕು ಅಂತ ಮೂಟೆನೂ ಜಾಸ್ತಿ ತರ್ತಾ ಇದೀನಿ. ತಪ್ಪು ತಿಳ್ಕೋಬೇಡಿ."

ಹೆಂಡತಿಯನ್ನು ಹುಡುಕಿಕೊಂಡು ಸಿಟ್ಟಿನಿಂದ ಬಂದಿದ್ದೇನೆ ಎಂದು ಅವನು ಭಾವಿಸಿದ್ದ. ನನ್ನ ಬಗ್ಗೆ ಅವನಿಗಿದ್ದ ಅತ್ಯಂತ ಕೆಟ್ಟ ಅನುಮಾನ ಅದು. ಅವನ ಬಗ್ಗೆ ನನಗಿದ್ದ ಅನುಮಾನದ ಪಕ್ಕದಲ್ಲಿಟ್ಟರೆ ಅದು ಅನುಮಾನವೆಂದು ಕರೆಸಿಕೊಳ್ಳುವ ಯೋಗ್ಯತೆಯನ್ನೇ ಪಡೆಯುವುದಿಲ್ಲ. ಏನಿಲ್ಲ ಅರುಳ್, ಏನಿಲ್ಲ ಎಂದು ನಾನೂ ರೆಡ್ಡೆಪ್ಪನಂತೆ ಎರಡು ಸಲ ಹೇಳಿ, ಆಗಲೇ ಕುದಿಸಿ ಇಳಿಸಿದ್ದ ನೀರಿನ ಇನ್ನೊಂದು ಪಾತ್ರೆ ಅಲ್ಲೇ ಇದ್ದದ್ದರಿಂದ, ಎರಡು ಬಟ್ಟೆತುಂಡು ಹಿಡಿದು ಅದನ್ನು ಎತ್ತಿಕೊಂಡು ಮನೆಗೆ ಬಂದೆ. ಕೈ ಸುಡುತ್ತಿತ್ತು. ಅದರಿಂದ ತಲೆ ತಗ್ಗಿಸಿ ನಡೆಯಲು ಒಂದು ನೆಪ ಸಿಕ್ಕಿತು.

ಮನೆಯಲ್ಲಿ ನಮ್ಮ ಸಿಲಿಂಡರನ್ನು ಬೆರಳಿನಿಂದ ತಟ್ಟಿದೆ. ಖಾಲಿ ಕಬ್ಬಿಣ ಠಣ್ಣೆಂದಿತು. ಅದು ಮುಗಿದು ಎಷ್ಟು ಕಾಲವಾಗಿತ್ತೆಂದು ನಾನು ಕೇಳಲಿಲ್ಲ. ನನ್ನ ಉಪನ್ಯಾಸಮಾಲೆಯ ಆರಂಭದಲ್ಲೇ ಇರಬೇಕು. ಬೀದಿಯ ಯಾವ ಮನೆಯ ಹಿತ್ತಲಲ್ಲಿ ಏನು ಉರಿಯುತ್ತದೆ ಎಂದು ಬಲ್ಲವನು, ಸಾಂಬ್ರಾಣಿ ಹಾಕಲು ಕೆಂಡ ಎಲ್ಲಿಂದ ಬರುತ್ತದೆ, ಗ್ಯಾಸಿನ ಒಲೆ ಕೆಂಡ ಕೊಡುತ್ತದೆಯೇ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ನನ್ನ ಮೂಗು ದಿನವೂ ನನ್ನ ಊಟವನ್ನೇ ದೂರುತ್ತಿತ್ತು.

ರತ್ನ ಸಾರಿನ ಡಬರಿ ಹಿಡಿದು ಬಂದಳು. ಏನಾದರೂ ಮಾತಾಡಬೇಕೆಂದು, ಅದು ಎಂಥ ಒಲೆ ಎಂದು ಕೇಳಿದೆ.

"ಒಟ್ಟಿನ ಒಲೆ," ಎಂದಳು.

ನನ್ನ ಹೆಂಡತಿ ಹಕಾರವನ್ನು ತವರಿನಲ್ಲೇ ಬಿಟ್ಟು ಬಂದವಳು. ಹಾಲು ಅವಳಿಗೆ ಆಲು, ಹೂವು ಊವು. ಅವಳು ಹೇಳಿದ್ದು ಹೊಟ್ಟಿನ ಒಲೆ, ಮರದ ಹೊಟ್ಟು ತುಂಬಿ ಉರಿಸುವುದು. ದಾವಣಗೆರೆಯ ನನ್ನ ಕಿವಿಗೆ ಮಾತ್ರ ಒಂದು ಕ್ಷಣ ಬೇರೆಯೇ ಅರ್ಥ ಹೊಳೆದು, ಹೌದಲ್ಲ ಅನ್ನಿಸಿತು. ಡಬ್ಬ ಸ್ಟೆಲ್ಲಾಳ ಅತ್ತೆಯ ಕಾಲದ್ದು, ಉರಿಗಾಂನ ಹಳೆಯ ಮನೆಯಲ್ಲಿ ಬಿದ್ದಿದ್ದನ್ನು ಅರುಳ್ ಗೋಣಿತಾಟಿನಲ್ಲಿ ಸುತ್ತಿ ತಂದನಂತೆ. ಹೊಟ್ಟು ಬಂಗಾರಪೇಟೆಯ ಮರದ ಮಿಲ್ಲಿನದು. ಆದರೆ ಅದನ್ನು ತುಂಬುವುದು ಸ್ಟೆಲ್ಲಾಳಿಗೆ ಬರುತ್ತಿರಲಿಲ್ಲ. ಸಡಿಲವಾಗಿ ತುಂಬಿ, ಬರೀ ಹೊಗೆ ಎಬ್ಬಿಸಿ, ಕಣ್ಣೊರೆಸಿಕೊಳ್ಳುತ್ತಿದ್ದಳು. ನಡುವೆ ಬಾಟಲಿ ನಿಲ್ಲಿಸಿ, ಬುಡದ ತೂತಿನಿಂದ ಕೋಲು ತೂರಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ಗಿಡಿದು, ಆಮೇಲೆ ಎರಡನ್ನೂ ಮೆಲ್ಲಗೆ ಎಳೆದುಬಿಟ್ಟರೆ ಗಾಳಿಗೆ ದಾರಿಯಾಗುತ್ತದೆ ಎಂದು ತೋರಿಸಿದ್ದು ರತ್ನ. ಗೋಡೆಯ ಎರಡು ಬದಿಯ ಬಡತನ ಸೇರಿ ಒಂದು ಬೆಂಕಿಯಾಗಿತ್ತು, ನನಗೆ ತಿಳಿಸದೆ.

"ರೆಡ್ಡೆಪ್ಪಂಗೆ ಯೇಳಿದ್ದು ನೀವೇ ಅಂತ ನಂಗೊತ್ತು," ಎಂದಳು ಮುದ್ದೆ ಬಡಿಸುತ್ತ.

ನಾನು ತಟ್ಟೆ ನೋಡಿದೆ. ನಾಳೆಯೇ ಹೋಗಿ ಅವರ ಬಳಿ ಹೇಳಿಬಿಡುತ್ತೇನೆ ಎಂದೆ.

"ಬ್ಯಾಡ. ಯೇಳಿದ್ರೆ ನಿಮ್ಮ ಮನಸ್ಸು ಅಗುರಾಗ್ತದೆ, ಸ್ಟೆಲ್ಲಾ ಮನಸ್ಸು ಬಾರ ಆಗ್ತದೆ. ಅವ್ಳು ಆಮೇಲೆ ನನ್ನೂ ಒಂದು ತರ ನೋಡ್ತಾಳೆ. ನಾಳೆ ಮೂಟೆ ತರಕ್ಕೆ ಅರುಳ್ ಜತೆ ನೀವು ಓಗಿ."

ಅಂದು ಕತ್ತಲಾಗುವ ಹೊತ್ತಿಗೆ ಕರೆಂಟು ಬಂತು, ಆದರೆ ಬಂದೂ ಬಾರದಂತೆ. ಹೊಸ ಟ್ರಾನ್ಸ್‌ಫಾರ್ಮರಿಗೆ ಬೀದಿಯ ಹಸಿವು ಭಾರವಾಗಿ, ಬಲ್ಬುಗಳು ಹೊಟ್ಟೆನೋವು ಬಂದವರಂತೆ ಮಂಕಾಗಿ ನರಳಿದವು. ಇಂಡಕ್ಷನ್ ಒಲೆ ಎರಡು ಸಲ ಕೀಚ್ ಎಂದು ಮತ್ತೆ ಮಲಗಿತು. ಗ್ಯಾಸಿನ ಲಾರಿಯ ಸುದ್ದಿಯಿಲ್ಲ. ಹೊಟ್ಟು ಬೇಕೇ ಬೇಕಿತ್ತು.

ಹೀಗಾಗಿ ಮರುದಿನ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಅರುಳನ ಗೂಡ್ಸ್ ಆಟೋದಲ್ಲಿ ಅವನ ಪಕ್ಕ ಒತ್ತಿಕೊಂಡು ಕೂತು ಬಂಗಾರಪೇಟೆಗೆ ಹೊರಟೆ. ಊರು ದಾಟುವವರೆಗೆ ಇಬ್ಬರೂ ಅಭ್ಯಾಸಬಲದಿಂದ ಕೆಮ್ಮಿದೆವು. ಆಮೇಲೆ ಅವನೇ ಮಾತು ತೆಗೆದ.

"ಯಾರೋ ನಮ್ಮ ಮೇಲೆ ಹೇಳಿದಾರೆ ಸಾರ್. ಎದುರುಮನೆಯವರೇ ಅಂತಾಳೆ ಸ್ಟೆಲ್ಲಾ. ನಿನ್ನೆ ಜಗಲಿ ಮೇಲೆ ನಿಂತ್ಕೊಂಡು ನೋಡ್ತಿದ್ರಲ್ಲ."

"ಅವರಲ್ಲ," ಎಂದೆ.

"ಹೆಂಗೆ ಗೊತ್ತು ಸಾರ್?"

"ಅವರಲ್ಲ ಅಂತ ಗೊತ್ತು."

ಅರುಳ್ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿದ, ಆಮೇಲೆ ಮುಂದಿನ ರಸ್ತೆ ನೋಡಿದ. ಗೇರು ಬದಲಾಯಿಸಿ, "ಸರಿ, ಬಿಡಿ ಸಾರ್" ಎಂದ. ಅವನಿಗೆ ಅರ್ಥವಾಯಿತೋ ಇಲ್ಲವೋ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಎಷ್ಟೋ ಸಲ ಅವನ ಮುಖವನ್ನು ಓದಲು ನೋಡಿದ್ದೇನೆ. ಬೋಲ್ಟುಗಳ ಐಬು ಹಿಡಿಯುವ ಕಣ್ಣಿಗೆ ಅದು ದಕ್ಕುವುದಿಲ್ಲ.

ಬಂಗಾರಪೇಟೆಯ ಮಿಲ್ಲಿನ ಮುಂದೆ ಜಾತ್ರೆಯಂಥ ಜನ. ಅದುವರೆಗೆ ಯಾರೂ ಕೇಳದೆ ರಾಶಿ ಬಿದ್ದಿರುತ್ತಿದ್ದ ಹೊಟ್ಟಿಗೆ ಈಗ ಕೋಲಾರದ ಹೋಟೆಲಿನವರಿಂದ ಹಿಡಿದು ಹಳ್ಳಿಯವರವರೆಗೆ ಗಿರಾಕಿಗಳು. ಹೊಟ್ಟು ಅಳೆದುಕೊಡುತ್ತಿದ್ದವನು ಹುಬ್ಬಿನವರೆಗೂ ಮರದ ಪುಡಿ ಮೆತ್ತಿಕೊಂಡಿದ್ದ ಹಿರಿಯ. ನನಗಿಂತ ದೊಡ್ಡ ಅನುಮಾನಿ. ಅಂದಿನಿಂದ ಮನೆಗೆ ಒಂದೇ ಮೂಟೆ ಎಂದು ಕಟ್ಟು ಮಾಡಿದ್ದ, ಒಬ್ಬೊಬ್ಬರನ್ನೂ ಕೆದಕಿ ಕೆದಕಿ ಕೇಳುತ್ತಿದ್ದ. ನಮ್ಮ ಸರದಿ ಬಂದಾಗ ಅರುಳ್ "ಎರಡು ಮನೆ ಅಣ್ಣ, ಎರಡು ಮೂಟೆ" ಎಂದ.

ಮುದುಕ ಎರಡು ಮೂಟೆ ಎಳೆದಿಟ್ಟ. ಆಮೇಲೆ ನನ್ನ ಕನ್ನಡಕ, ಜೇಬಿನ ಪೆನ್ನು ನೋಡಿ ನಿಂತ.

"ನಿಮ್ಮ ಮನೇಲೂ ಒಟ್ಟಿನ ಒಲೆ ಅದಾ ಸಾ?"

ಅರುಳ್ ನನ್ನ ಕಾಲನ್ನು ಮೆಲ್ಲಗೆ ತುಳಿದ. ಇದೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಎಂಥ ಡಬ್ಬ, ತೂತು ಎಷ್ಟಗಲ, ತುಂಬುವುದು ಹೇಗೆ ಎಂದು ಮುದುಕ ಮುಂದೆ ಕೇಳುತ್ತಾನೆಂದು ಅವನ ಕಣ್ಣು ಹೇಳುತ್ತಿತ್ತು. ಆ ಕಣ್ಣನ್ನು ನಾನು ದಿನವೂ ಕಾರ್ಖಾನೆಗೆ ಒಯ್ಯುತ್ತೇನೆ.

"ಒಲೆ ಇವರ ಮನೇಲಿದೆ," ಎಂದೆ. "ನಾವೂ ಅದರಲ್ಲೇ ಬೇಯಿಸಿಕೊಳ್ಳೋದು."

ಮುದುಕ ಒಂದು ಮೂಟೆಯನ್ನು ಹಿಂದಕ್ಕೆಳೆದುಕೊಂಡ. "ಒಂದು ಒಲೆ ಅಂದ್ರೆ ಒಂದು ಮನೆ. ಅದ್ಯಾಕೆ ಎರಡು ಅಂತೀರ?" ಎಂದು ಅರುಳನನ್ನು ಗದರಿ, ಮುಂದಿನವರನ್ನು ಕರೆದ.

ಒಂದೇ ಮೂಟೆ ಹೊತ್ತುಕೊಂಡು ಆಟೋದ ಬಳಿಗೆ ಬಂದೆವು. ಅದರ ಒಂದು ಮೂಲೆ ಹರಿದು ಹೊಟ್ಟು ಸಣ್ಣಗೆ ಸುರಿಯುತ್ತಿತ್ತು. ಹಿಂದೆ ಹಾಕಿದರೆ ದಾರಿಯುದ್ದಕ್ಕೂ ಗಾಳಿಗೆ ಹೋಗುತ್ತದೆಂದು ನಾನು ಅದನ್ನು ಮಡಿಲಲ್ಲೇ ಇಟ್ಟುಕೊಂಡೆ. ಅರುಳ್ ಆಟೋ ಶುರು ಮಾಡಿ ಜನರ ನಡುವಿನಿಂದ ರಸ್ತೆಗೆ ತಂದ.

"ಸಾರ್, ಬೇರೆ ಬೇರೆ ಮನೆ ಅಂದಿದ್ರೆ ಎರಡು ಸಿಗ್ತಿತ್ತು," ಎಂದ.

"ಅವನು ನಂಬುತ್ತಿರಲಿಲ್ಲ," ಎಂದೆ.

ಅರುಳ್ ನಗತೊಡಗಿದ. ನಗುತ್ತ ಒಂದು ಹಳ್ಳವನ್ನು ನೋಡದೆ ಹತ್ತಿಸಿದ. ಮೂಟೆ ಕುಣಿದು ಹೊಟ್ಟು ನನ್ನ ಮುಖಕ್ಕೂ ಕನ್ನಡಕಕ್ಕೂ ಹಾರಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಹರಿದ ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಮನೆ ಮುಟ್ಟುವವರೆಗೂ ಹಾಗೇ ಕೂತಿದ್ದೆ.